ಬಾಳಿಕೆಯ ಲೆಕ್ಕ

ಕನ್ನಡದಲ್ಲಿ ‘ಬಾಳಿಕೆ’ ಎಂಬುದೊಂದು ಸೊಗಸಾದ ಶಬ್ದ. ಬಾಳುವುದು ಮನುಷ್ಯರಿಗೆ ಸಲ್ಲುವ ಕ್ರಿಯೆಯಾದರೂ ಅದರಿಂದ ಹುಟ್ಟಿದ ಬಾಳಿಕೆಯನ್ನು ನಾವು ಹೇಳುವುದು ಹೆಚ್ಚಾಗಿ ವಸ್ತುಗಳ ಬಗೆಗೆ. ಕೊಡೆ ಬಾಳಿಕೆ ಬಂತು, ಚಪ್ಪಲಿ ಬಾಳಿಕೆ ಬರಲಿಲ್ಲ, ಹಲಸಿನ ಮರದ ಬಾಗಿಲು ಮೂರು ತಲೆಮಾರು ಬಾಳಿಕೆ ಬಂತು ಎನ್ನುತ್ತೇವೆ. ವಸ್ತುವಿಗೂ ಒಂದು ಬಾಳುಂಟೆಂದು ಒಪ್ಪಿಕೊಂಡ ಭಾಷೆಯಿದು. ಹಾಗೆ ಒಪ್ಪಿದ ಮೇಲೆ, ಆ ಬಾಳನ್ನು ಎಷ್ಟು ಕಾಲ, ಏನು ತೆತ್ತು, ಯಾರ ಹೆಗಲ ಮೇಲೆ ಹೊರಿಸಿ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಬರಿಯ ವ್ಯಾಪಾರದ ಪ್ರಶ್ನೆಯಾಗಿ ನಿಲ್ಲುವುದಿಲ್ಲ. ಧರ್ಮದ ಪ್ರಶ್ನೆಯೂ ಆಗುತ್ತದೆ. ಸಮ್ಮೇಳನದ ಸಂಚಿಕೆಗೆ ಲೇಖನ ಬೇಕೆಂದು ಮಿತ್ರರು ಕೇಳಿದಾಗ, ಸಾಹಿತ್ಯದ ಹಿರಿಯ ವಿಷಯಗಳನ್ನು ಬಲ್ಲವರಿಗೆ ಬಿಟ್ಟು, ಕಾರಿನ ಬಣ್ಣದ ಮೇಲೆ ಬಳಿಯುವ ಲೇಪದ ಕುರಿತು ಬರೆಯಹೊರಟಿದ್ದೇವೆ. ವಾಚಕರು ಮೂಗು ಮುರಿಯಬಾರದು.

ಸಂದರ್ಭವನ್ನು ಹೇಳಿಬಿಡುವುದು ಉಚಿತ. ಕೊಲ್ಲಿ ದೇಶದಲ್ಲಿ ಉದ್ಯೋಗದಲ್ಲಿರುವ ನಮ್ಮ ಅಳಿಯಂದಿರು ಕಳೆದ ವರ್ಷ ಊರಿನ ಉಪಯೋಗಕ್ಕೆಂದು ಒಂದು ಬಿಳಿಯ ಕಾರು ಕೊಂಡು ನಮ್ಮ ಅಂಗಳದಲ್ಲಿ ಇರಿಸಿಹೋದರು. ಹೊರಡುವ ಮುನ್ನ, “ಮಾವ, ಬಣ್ಣಕ್ಕೆ ಒಂದು ಒಳ್ಳೆಯ ಕೋಟಿಂಗ್ ಮಾಡಿಸಿಬಿಡಿ. ಖರ್ಚು ಎಷ್ಟಾದರೂ ಅಡ್ಡಿಯಿಲ್ಲ. ಐದಾರು ವರ್ಷ ಆ ತಲೆಬಿಸಿ ಇರಬಾರದು” ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಕುಂಬಳೆಯ ಕಡಲು ನಮಗೆ ದೂರವಲ್ಲ. ಗಾಳಿ ಬೀಸಿದರೆ ಕಿಟಕಿಯ ಸರಳುಗಳ ಮೇಲೆ ಉಪ್ಪು ಕೂರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿದ ಮಳೆ. ಅಂಗಳದ ಅಂಚಿನಲ್ಲಿ ಹಲಸು, ಅದರ ಅಂಟು. ರಾತ್ರಿ ಬಾವಲಿಗಳು, ಹಗಲು ಕಾಗೆಗಳು, ಅವುಗಳ ಹಿಕ್ಕೆ. ಹಿಕ್ಕೆಯಲ್ಲಿರುವ ಆಮ್ಲವು ಬಿಸಿಲಿನಲ್ಲಿ ಒಂದೆರಡು ದಿನ ಹಾಗೆಯೇ ಉಳಿದರೆ ಬಣ್ಣದ ಮೇಲೆ ಮಾಸದ ಗುರುತನ್ನು ಕೆತ್ತಿಬಿಡುತ್ತದೆ. ಕಾರಿನ ಮಟ್ಟಿಗೆ ನಮ್ಮ ಊರು ಪುಣ್ಯಕ್ಷೇತ್ರವೇನಲ್ಲ.

ನಮ್ಮ ಶಾಲೆಯಲ್ಲಿ ಓದಿದ ಯುವಕನೊಬ್ಬ ಹೆದ್ದಾರಿಯ ಬದಿಯಲ್ಲಿ ಇದೇ ಕೆಲಸದ ಅಂಗಡಿ ಇಟ್ಟಿದ್ದಾನೆ. ಗಣಿತದಲ್ಲಿ ಅಷ್ಟಕ್ಕಷ್ಟೆ, ಕೈಕೆಲಸದಲ್ಲಿ ಮೊದಲಿಗ. “ಕೂತುಕೊಳ್ಳಿ ಮಾಸ್ಟ್ರೇ” ಎಂದು ಕುರ್ಚಿ ಎಳೆದು, ಅಂಗೈಯಗಲದ ಒಂದು ಅಳತೆಯ ಉಪಕರಣವನ್ನು ಕಾರಿನ ಬಾಗಿಲಿಗೆ ಒತ್ತಿ ತೋರಿಸಿದ. ಉಕ್ಕಿನ ತಗಡಿನಿಂದ ಹೊರಮೈಯವರೆಗೆ ಇರುವ ಬಣ್ಣದ ದಪ್ಪ ನೂರು ಮೈಕ್ರಾನಿಗಿಂತ ತುಸು ಹೆಚ್ಚು. ಎಂದರೆ ತಲೆಗೂದಲಿನ ದಪ್ಪಕ್ಕಿಂತ ಬಹಳ ಹೆಚ್ಚಲ್ಲ. ಅದರೊಳಗೇ ನಾಲ್ಕು ಪದರಗಳು: ತುಕ್ಕನ್ನು ತಡೆಯುವ ತಳದ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ನಾವು ಹೊಳಪೆಂದು ಕರೆಯುವುದು ನಾಲ್ವತ್ತು ಐವತ್ತು ಮೈಕ್ರಾನ್ ದಪ್ಪದ ಆ ಕೊನೆಯ ಪದರವನ್ನು. ಅಂದರೆ ಕಾರು ಕಾರ್ಖಾನೆಯಿಂದ ಬರುವಾಗಲೇ ರಕ್ಷಣೆಯ ಹೊದಿಕೆಯನ್ನು ಹೊದ್ದುಕೊಂಡು ಬಂದಿರುತ್ತದೆ. ಈಗ ಕೇಳುತ್ತಿರುವುದು ರಕ್ಷಕನಿಗೊಬ್ಬ ರಕ್ಷಕನನ್ನು.

ಅಂಥ ರಕ್ಷಕರು ಹಲವರು. ಮೊದಲನೆಯದು ಮೇಣ. ಉತ್ತಮವಾದ ಮೇಣ ಬರುವುದು ಬ್ರೆಜಿಲಿನ ಈಶಾನ್ಯ ಭಾಗದಲ್ಲಿ ಬೆಳೆಯುವ ಕಾರ್ನೋಬಾ ಎಂಬ ತಾಳೆಯ ಜಾತಿಯ ಮರದ ಎಲೆಗಳಿಂದ. ಆ ಒಣ ನಾಡಿನಲ್ಲಿ ಎಲೆಯ ನೀರು ಆರಿಹೋಗದಂತೆ ಮರ ತನಗಾಗಿ ಬಳಿದುಕೊಂಡ ಲೇಪವದು. ಎಲೆಗಳನ್ನು ಒಣಗಿಸಿ ಬಡಿದು ಪುಡಿ ಉದುರಿಸಿ ತೆಗೆಯುತ್ತಾರೆ. ನಮ್ಮ ಮಳೆಗೆ ಅದು ಕೆಲವು ವಾರಗಳಿಂದ ಎರಡು ತಿಂಗಳವರೆಗೆ ನಿಂತರೆ ಹೆಚ್ಚು. ಎರಡನೆಯದು, ಅಂಗಡಿಗಳಲ್ಲಿ ಟೆಫ್ಲಾನ್ ಎಂಬ ಹೆಸರಿನಿಂದ ಮಾರುವ ಲೇಪ. ದೋಸೆಯ ಕಾವಲಿಯಿಂದ ಎಲ್ಲರಿಗೂ ಪರಿಚಿತವಾದ ಈ ವಸ್ತುವನ್ನು 1938ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞ ಆಕಸ್ಮಿಕವಾಗಿ ಕಂಡುಹಿಡಿದ. ಕಾವಲಿಗೆ ಅದು ಕಚ್ಚಿ ಕೂರಬೇಕಾದರೆ ಮುನ್ನೂರು ಡಿಗ್ರಿ ಸೆಲ್ಸಿಯಸ್ಸಿಗೂ ಮಿಕ್ಕಿದ ಶಾಖ ಬೇಕು. ಆ ಶಾಖ ಕೊಟ್ಟರೆ ಕಾರಿನ ಬಣ್ಣ ಸುಟ್ಟುಹೋಗುತ್ತದೆ. ಆದುದರಿಂದ ಕಾರಿನ ಮೇಲೆ ಇರುವುದು ಕಾವಲಿಯ ಮೇಲಿರುವಂಥ ಲೇಪವಲ್ಲ. ಹೆಸರು ಮಾತ್ರ ಕಾವಲಿಯದು.

ಮೂರನೆಯದು ಈಗ ಎಲ್ಲರ ಬಾಯಲ್ಲಿರುವ ಸೆರಾಮಿಕ್. ಅಂಗೈಯೊಳಗೆ ಹಿಡಿಸುವ ಒಂದು ಶೀಸೆಯ ದ್ರವ ಇಡೀ ಕಾರಿಗೆ ಸಾಕು. ಬಟ್ಟೆ ಸುತ್ತಿದ ತುಂಡಿನಿಂದ ಸವರಿ ಕೆಲವೇ ನಿಮಿಷಗಳಲ್ಲಿ ಒರೆಸಬೇಕು. ಗಾಳಿಯ ತೇವವನ್ನು ಹೀರಿ ಅದು ಗಾಜಿನಂತೆ ಗಟ್ಟಿಯಾಗುತ್ತದೆ. ದಪ್ಪ ಒಂದೆರಡು ಮೈಕ್ರಾನ್. ಎರಡು ವರ್ಷದಿಂದ ಐದಾರು ವರ್ಷದವರೆಗೆ ಬಾಳಿಕೆ ಎನ್ನುತ್ತಾರೆ. ನಾಲ್ಕನೆಯದು ಲೇಪವಲ್ಲ, ಹಾಳೆ: ಪಾಲಿಯುರೆಥೇನಿನ ಪಾರದರ್ಶಕ ಹಾಳೆಯನ್ನು ಮೈಗೆ ಹೊದೆಸುವುದು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಹೆಲಿಕಾಪ್ಟರುಗಳ ರೆಕ್ಕೆಗಳನ್ನು ಮರಳಿನ ಹೊಡೆತದಿಂದ ಕಾಯಲು ಬಳಸಿದ್ದ ವಿದ್ಯೆಯಿದು. ನೂರೈವತ್ತು ಇನ್ನೂರು ಮೈಕ್ರಾನ್ ದಪ್ಪವಿದ್ದು, ಕಲ್ಲಿನ ಚೂರು ಸಿಡಿದರೂ ತಡೆಯುತ್ತದೆ. ಸಣ್ಣ ಗೀರುಗಳು ಬಿಸಿಲಿಗೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಅದರ ಬೆಲೆ ಲಕ್ಷ ರೂಪಾಯಿಯನ್ನು ಮುಟ್ಟುವುದುಂಟು. ನಾವು ನಿವೃತ್ತರಾದ ವರ್ಷ ನಮ್ಮ ಶಾಲೆಯ ಮಾಡಿಗೆ ಹಂಚು ಹೊದೆಸಲು ಊರಿನವರು ಕೂಡಿಸಿದ ಹಣ ಅಷ್ಟಿರಲಿಲ್ಲ ಎಂಬುದು ಇಲ್ಲಿ ಅಪ್ರಸ್ತುತ, ಆದರೂ ನೆನಪಾಯಿತು.

ಕೆಲಸದ ವಿಧಾನವನ್ನು ಕೇಳುತ್ತ ಹೋದಂತೆ ಎರಡು ಸಂಗತಿಗಳು ನಮ್ಮನ್ನು ತಡೆದು ನಿಲ್ಲಿಸಿದವು. ಸೆರಾಮಿಕ್ ಬಳಿಯುವ ಮೊದಲು ಬಣ್ಣದ ಮೇಲಿನ ಗೀರುಗಳನ್ನು ತೆಗೆಯಬೇಕು. ಇಲ್ಲವಾದರೆ ಗೀರುಗಳ ಮೇಲೆಯೇ ಗಾಜು ಕೂತು ಅವನ್ನೂ ಕಾಪಾಡುತ್ತದೆ. ಗೀರು ತೆಗೆಯುವುದೆಂದರೆ ತಿರುಗುವ ಯಂತ್ರಕ್ಕೆ ಸ್ಪಂಜು ಕಟ್ಟಿ, ಉಜ್ಜುವ ಮುಲಾಮು ಹಚ್ಚಿ, ಗೀರಿನ ತಳ ಮುಟ್ಟುವ ತನಕ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸುವುದು. ಕಾರ್ಖಾನೆ ಕೊಟ್ಟ ರಕ್ಷಣೆಯಿಂದ ಕೆಲವು ಮೈಕ್ರಾನುಗಳನ್ನು ಕೆರೆದು ತೆಗೆದು, ಅದರ ಮೇಲೆ ಒಂದೆರಡು ಮೈಕ್ರಾನಿನ ಹೊಸ ರಕ್ಷಣೆಯನ್ನು ಕೂರಿಸುವ ವ್ಯವಹಾರ! ಒಮ್ಮೆ ಮಾಡಿದರೆ ಬಾಧಕವಿಲ್ಲ. ಹೊಳಪಿನ ಗೀಳು ಹಿಡಿದು ಪದೇ ಪದೇ ಮಾಡಿಸಿದರೆ ಕೊನೆಗೆ ಕಾಯಬೇಕಾದ ಪದರವೇ ಉಳಿಯದು. ಎರಡನೆಯದು, ಜಾಹೀರಾತುಗಳಲ್ಲಿ ದೊಡ್ಡಕ್ಷರದಲ್ಲಿ ಬರೆಯುವ ‘9ಎಚ್’ ಎಂಬ ಗಟ್ಟಿತನ. ನಾವು ಇದನ್ನು ವಜ್ರಕ್ಕೆ ಹತ್ತು ಅಂಕ ಕೊಡುವ ಮೋಸ್ ಮಾಪಕವೆಂದು ತಿಳಿಯಬೇಕೆಂಬುದೇ ಬರೆದವರ ಆಶಯವಿರಬಹುದು. ಅದು ಪೆನ್ಸಿಲಿನ ಮಾಪಕ. ನಮ್ಮ ಮಕ್ಕಳು ಚಿತ್ರ ಬರೆಯಲು ತರುವ ಎಚ್‌ಬಿ, 2ಎಚ್ ಪೆನ್ಸಿಲುಗಳ ಸಾಲಿನಲ್ಲೇ ತೀರ ಗಟ್ಟಿಯಾದ 9ಎಚ್ ಪೆನ್ಸಿಲು ಗೀಚಿದರೂ ಗುರುತು ಬೀಳುವುದಿಲ್ಲ ಎಂಬಷ್ಟೇ ಅದರ ಅರ್ಥ. ಹೆದ್ದಾರಿಯ ಜಲ್ಲಿಯ ಚೂರು ಪೆನ್ಸಿಲಲ್ಲ.

ತುಕ್ಕಿನ ವಿಷಯವನ್ನೂ ಹೇಳಬೇಕು. ಕರಾವಳಿಯಲ್ಲಿ ಕಾರು ಸಾಯುವುದು ಮೇಲಿನಿಂದಲ್ಲ, ಕೆಳಗಿನಿಂದ. ಬಾಗಿಲುಗಳ ತಳದ ಮಡಿಕೆ, ಚಕ್ರದ ಕಮಾನು, ಅಡಿಯ ಚೌಕಟ್ಟು, ನೀರು ಇಳಿದುಹೋಗುವ ತೂತುಗಳಲ್ಲಿ ಕಟ್ಟಿಕೊಂಡ ಎಲೆಮಣ್ಣು: ಉಪ್ಪಿನ ತೇವ ಕೆಲಸ ಮಾಡುವುದು ಅಲ್ಲಿ. ಮೇಲೆ ಗಾಜು ಬಳಿದರೂ ಹಾಳೆ ಹೊದೆಸಿದರೂ ಅಲ್ಲಿಗೆ ಅದು ತಲಪುವುದಿಲ್ಲ. ಅಡಿಭಾಗಕ್ಕೆ ತುಕ್ಕುನಿರೋಧಕ ಹೊಡೆಸಲು ಹೊಳಪಿನ ಖರ್ಚಿನ ಸಣ್ಣ ಪಾಲು ಸಾಕು. “ಅದನ್ನು ಕೇಳಿಕೊಂಡು ಬರುವವರು ಕಡಿಮೆ ಮಾಸ್ಟ್ರೇ; ಕಾಣುವುದಿಲ್ಲವಲ್ಲ” ಎಂದ ನಮ್ಮ ಶಿಷ್ಯ.

ಇಲ್ಲಿಗೆ ನಿಲ್ಲಿಸಿ, ಜನರ ಡಂಭವನ್ನು ಬಯ್ದು ಕೈತೊಳೆದುಕೊಳ್ಳಬಹುದಿತ್ತು. ಅದು ಸುಲಭ, ಆದರೆ ನ್ಯಾಯವಲ್ಲ. ಕೊಂಡ ವಸ್ತುವನ್ನು ಜೋಪಾನ ಮಾಡುವುದು ಡಂಭವಲ್ಲ, ಸದ್ಗುಣ. ಗಣಿಯಿಂದ ತೆಗೆದ ಅದಿರು, ಕರಗಿಸಲು ಸುಟ್ಟ ಕಲ್ಲಿದ್ದಲು, ನೂರಾರು ಕೈಗಳ ದುಡಿಮೆ ಎಲ್ಲ ಸೇರಿ ಆದ ಒಂದು ವಾಹನವನ್ನು ಹತ್ತು ವರ್ಷದ ಬದಲು ಇಪ್ಪತ್ತು ವರ್ಷ ಓಡಿಸುವವನು ಲೋಕಕ್ಕೆ ಉಪಕಾರವನ್ನೇ ಮಾಡುತ್ತಾನೆ. ನಮ್ಮ ಹಿರಿಯರು ಲೇಪಗಳ ವಿಷಯದಲ್ಲಿ ನಮಗಿಂತ ಹಿಂದಿರಲಿಲ್ಲ. ಮಳೆಗಾಲದಲ್ಲಿ ದಡಕ್ಕೆ ಏರಿಸಿದ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದರು. ಗೇರುಬೀಜದ ಸಿಪ್ಪೆಯಿಂದ ಇಳಿಸಿದ ಕಪ್ಪು ಎಣ್ಣೆಯನ್ನು ಮರಕ್ಕೆ ಹಚ್ಚಿದರೆ ಗೆದ್ದಲು ಹತ್ತಿರ ಸುಳಿಯದು. ಅಡಿಕೆ ತೋಟದಲ್ಲಿ ಮಳೆ ಹಿಡಿಯುವ ಹೊತ್ತಿಗೆ ಮದ್ದು ಬಿಡುವುದೂ ಲೇಪವೇ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಗೊನೆಯ ಮೇಲೆ ನೀಲಿ ಬಳಿದು ಕೂತರೆ ಕೊಳೆರೋಗ ಒಳಹೊಗದು. ನಲ್ವತ್ತು ನಲ್ವತ್ತೈದು ದಿನಕ್ಕೆ ಅದರ ಬಲ ತೀರುತ್ತದೆ, ಮಳೆಯ ಬಿಡುವು ನೋಡಿ ಮತ್ತೊಮ್ಮೆ ಬಿಡಬೇಕು. ನಮ್ಮ ಮುರಕಲ್ಲಿನ ಗೋಡೆಗಳದ್ದು ಮತ್ತೂ ಸೋಜಿಗದ ಕತೆ. ನೆಲದಲ್ಲಿರುವಾಗ ಕೊಡಲಿಗೆ ಬಗ್ಗುವಷ್ಟು ಮೆದುವಾದ ಕಲ್ಲು ಗಾಳಿಗೆ ಬಂದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಇದನ್ನು ಮಲಬಾರಿನಲ್ಲಿ ಕಂಡು ಬೆರಗಾದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂಬ ಹೆಸರನ್ನಿಟ್ಟ. ಬೇಕಲದ ಕೋಟೆ ಆ ಕಲ್ಲಿನದ್ದು. ಯಾವುದರಿಂದ ಕಾಯಬೇಕೆಂದು ನಾವು ಹೆದರುತ್ತೇವೋ ಆ ಗಾಳಿಯೇ ಆ ಕಲ್ಲಿಗೆ ಕವಚ.

ಈ ಹಳೆಯ ಲೇಪಗಳಲ್ಲೆಲ್ಲ ನಮಗೆ ಕಾಣುವ ಸಮಾನ ಗುಣ ಒಂದು: ಅವು ಬಾಳಿಕೆ ಬರುತ್ತಿರಲಿಲ್ಲ. ವರ್ಷಕ್ಕೊಮ್ಮೆ, ಮಳೆಗೊಮ್ಮೆ, ವಾರಕ್ಕೊಮ್ಮೆ ಮತ್ತೆ ಬಳಿಯಬೇಕಿತ್ತು. ಲೇಪ ಅಲ್ಪಾಯುವಾದುದರಿಂದಲೇ ವಸ್ತುವಿನ ಬಳಿಗೆ ಮನುಷ್ಯ ಮರಳಿ ಮರಳಿ ಬರುತ್ತಿದ್ದ. ಬಂದಾಗ ದೋಣಿಯ ಹಲಗೆಯ ಬಿರುಕು, ಬಾಗಿಲಿನ ಸಂದಿನ ಗೆದ್ದಲು ಕಣ್ಣಿಗೆ ಬೀಳುತ್ತಿತ್ತು. ಮೇಣ ಹಚ್ಚುವವನ ಅಂಗೈ ಕಾರಿನ ಮೈಯ ಪ್ರತಿಯೊಂದು ಗೇಣನ್ನೂ ಸವರುತ್ತದೆ. ಚಕ್ರದ ಕಮಾನಿನಲ್ಲಿ ಉಬ್ಬಿದ ತುಕ್ಕಿನ ಗುಳ್ಳೆಯನ್ನು ಮೊದಲು ಕಾಣುವವನು ಅವನೇ. ಐದು ವರ್ಷದ ಲೇಪ ಮಾರುವುದು ಹೊಳಪನ್ನಲ್ಲ, ಆ ವಸ್ತುವನ್ನು ಮರೆತಿರುವ ಸ್ವಾತಂತ್ರ್ಯವನ್ನು. ‘ತಲೆಬಿಸಿ ಇರಬಾರದು’ ಎಂದು ಅಳಿಯಂದಿರು ಕೇಳಿದ್ದು ಅದನ್ನೇ. ತಾವರೆಯ ಎಲೆಯ ಮೇಲಿನ ನೀರನ್ನು ನಮ್ಮ ಹಿರಿಯರು ಅನಾಸಕ್ತಿಗೆ ಉಪಮೆಯಾಗಿ ಹೇಳಿದರು. ಅದೇ ಹನಿಯ ಚಿತ್ರವನ್ನು ಈಗ ಲೇಪದ ಡಬ್ಬಿಗಳ ಮೇಲೆ ಅಚ್ಚು ಹಾಕಿ ಆಸಕ್ತಿಯನ್ನು ಮಾರುತ್ತಾರೆ. ತಾವರೆಯ ಎಲೆಗಾಗಲಿ ನಮ್ಮ ಹಿತ್ತಲಿನ ಕೆಸುವಿನ ಎಲೆಗಾಗಲಿ ನೀರು ಅಂಟದಿರುವುದು ಅದರ ಮೇಲ್ಮೈಯ ಅತಿ ಸೂಕ್ಷ್ಮವಾದ ಉಬ್ಬುತಗ್ಗುಗಳಿಂದ ಮತ್ತು ಮೇಣದಿಂದ. ಆ ಮೇಣವನ್ನು ಎಲೆ ಒಮ್ಮೆ ಬಳಿದುಕೊಂಡು ಸುಮ್ಮನಾಗುವುದಿಲ್ಲ. ಜೀವವಿರುವ ತನಕ ಹೊಸದಾಗಿ ಸ್ರವಿಸುತ್ತಲೇ ಇರುತ್ತದೆ. ಗಡಿನಾಡಿನಲ್ಲಿ ಕುಳಿತವರಿಗೆ ‘ರಕ್ಷಣೆ’ ಎಂಬ ಶಬ್ದ 1956ರಿಂದ ಇತ್ತ ಕಿವಿಗೆ ಬೀಳದ ದಿನವಿಲ್ಲ. ನಾಮಫಲಕಕ್ಕೆ ಬಣ್ಣ ಬಳಿಸುವುದೂ ರಕ್ಷಣೆ, ಒಂದನೆಯ ತರಗತಿಗೆ ಮಗುವನ್ನು ಸೇರಿಸುವುದೂ ರಕ್ಷಣೆ. ಇವೆರಡರಲ್ಲಿ ಯಾವುದನ್ನು ಪ್ರತಿ ಜೂನಿನಲ್ಲಿ ಹೊಸದಾಗಿ ಮಾಡಬೇಕೆಂದು ಸಭಿಕರು ಬಲ್ಲರು.

ಈ ವಿಚಾರವನ್ನು ಮನೆಯಲ್ಲಿ ಸ್ವಲ್ಪ ಉತ್ಸಾಹದಿಂದಲೇ ವಿವರಿಸಿದೆವು. ಮನೆಯಾಕೆ ಅಡಿಕೆ ಸುಲಿಯುತ್ತಿದ್ದವಳು ತಲೆ ಎತ್ತದೆ, “ಸೆಗಣಿ ಸಾರಿಸಿದ ನೆಲವೂ ವಾರಕ್ಕೊಮ್ಮೆ ಸಾರಿಸಬೇಕಾದದ್ದೇ. ಸಾರಿಸಿದವರು ಯಾರು?” ಎಂದಳು.

ಈ ಪ್ರಶ್ನೆ ಹಗುರವಾದುದಲ್ಲ. ನಮ್ಮ ಬಾಲ್ಯದ ಮನೆಯ ನೆಲಕ್ಕೆ ಸೆಗಣಿಯ ಜತೆ ಇದ್ದಿಲಿನ ಮಸಿ ಕಲಸಿ ಸಾರಿಸುತ್ತಿದ್ದರು. ಅದೂ ರಕ್ಷಣೆಯ ಲೇಪ: ಧೂಳು ಏಳದು, ಮಣ್ಣಿನ ನೆಲ ಬಿರಿಯದು. ಅಡಿಕೆಯ ಹಾಳೆಯ ತುಂಡು ಹಿಡಿದು, ಬಗ್ಗಿ, ಹಿಂದಕ್ಕೆ ಸರಿಯುತ್ತ ಸರಿಯುತ್ತ ಒಳಕೋಣೆಯಿಂದ ಚಾವಡಿಯವರೆಗೆ ಸಾರಿಸುತ್ತಿದ್ದವರು ನಮ್ಮ ತಾಯಿ. ಅರುವತ್ತರ ದಶಕದ ಕೊನೆಗೆ ಕೆಂಪು ಸಿಮೆಂಟಿನ ನೆಲ ಹಾಕಿಸಿದ ದಿನ ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾವು ಮರೆತಿಲ್ಲ. ಸೆಗಣಿಯ ನೆಲದ ಗುಣಗಾನ ಮಾಡಿ ಲೇಖನ ಬರೆಯುವವರಲ್ಲಿ ಹೆಚ್ಚಿನವರು ಗಂಡಸರು ಎಂಬುದನ್ನೂ ಗಮನಿಸಬೇಕು. ಬಾಳಿಕೆ ಎಂದರೆ ಕೆಲವೊಮ್ಮೆ ಕರುಣೆ. ಒಬ್ಬರ ಬೆನ್ನಿಗೆ ಸಿಕ್ಕಿದ ಬಿಡುಗಡೆ. ಮತ್ತೆ ಮತ್ತೆ ಮಾಡುವ ಉಪಚಾರವೇ ಶ್ರೇಷ್ಠವೆಂದು ಹೇಳುವವನು, ಆ ಮತ್ತೆ ಮತ್ತೆ ಮಾಡುವ ಕೈ ಯಾರದು ಎಂಬುದನ್ನು ಮೊದಲು ಹೇಳಬೇಕು. ಬ್ರೆಜಿಲಿನ ಬಿಸಿಲಿನಲ್ಲಿ ಎಲೆ ಕೊಯ್ಯುವ ಕೈಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕು. ದೀರ್ಘಕಾಲ ಬಾಳುವ ಲೇಪಕ್ಕೆ ನಮ್ಮಿಂದ ಸಲ್ಲಬೇಕಾದ ಗೌರವ ಇಷ್ಟು, ಅದು ಸಂದಿತು.

ಆದರೆ ಲೆಕ್ಕದ ಇನ್ನೊಂದು ಬದಿ ಉಳಿಯುತ್ತದೆ. ಸಾರಿಸಿದ ಸೆಗಣಿ ಸವೆದು ಹೋದರೆ ಮಣ್ಣಾಗುತ್ತದೆ. ಅದಕ್ಕೆ ಬೇರೆ ಗತಿ ಬೇಡ. ಬಾಳಿಕೆ ಬರುವ ಲೇಪವೂ ಒಂದಲ್ಲ ಒಂದು ದಿನ ಸವೆಯುತ್ತದೆ. ಸವೆದದ್ದು ಎಲ್ಲಿಗೆ ಹೋಯಿತು? ಮೈಲುತುತ್ತಿನ ವಿಷಯದಲ್ಲಿ ಉತ್ತರ ಗೊತ್ತಿದೆ: ಹಲವು ದಶಕ ಮದ್ದು ಬಿಟ್ಟ ತೋಟಗಳ ಮಣ್ಣಿನಲ್ಲಿ ತಾಮ್ರ ಕೂಡಿಕೊಂಡಿರುತ್ತದೆ. ಕಾರಿನ ಲೇಪಗಳಲ್ಲಿ ಬರಿಯ ಸಿಲಿಕಾದವು ಗಾಜಿನ ನೆಂಟರು. ಅವುಗಳ ಬಗ್ಗೆ ನಮಗೆ ದೂರಿಲ್ಲ. ಆದರೆ ನೀರನ್ನೂ ಎಣ್ಣೆಯನ್ನೂ ಒಟ್ಟಿಗೆ ದೂರವಿಡುವ ಗುಣಕ್ಕಾಗಿ ಕೆಲವು ಲೇಪಗಳಲ್ಲಿ ಫ್ಲೋರಿನ್ ಸೇರಿದ ಸಂಯುಕ್ತಗಳನ್ನು ಬೆರೆಸುವುದುಂಟು. ಇಂಗಾಲಕ್ಕೂ ಫ್ಲೋರಿನ್ನಿಗೂ ಇರುವ ಬಂಧ ಸಾವಯವ ರಸಾಯನದ ಅತ್ಯಂತ ಬಲವಾದ ಬಂಧಗಳಲ್ಲಿ ಒಂದು. ಬಿಸಿಲು ಅದನ್ನು ಸುಲಭದಲ್ಲಿ ಬಿಡಿಸದು, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದು ಆಹಾರವಾಗದು. ಕಾರಿನ ಮೇಲೆ ಯಾವುದು ಗುಣವೋ ಹೊಳೆಯಲ್ಲಿ ಅದೇ ದೋಷ. ಟೆಫ್ಲಾನಿನ ತಯಾರಿಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪಿಎಫ್ಒಎ ಎಂಬ ಅಂಥದೊಂದು ಆಮ್ಲವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿಸಿದರು. ಆ ಒಪ್ಪಂದದ ಪಟ್ಟಿಯಲ್ಲಿರುವ ವಸ್ತುಗಳ ವರ್ಗಕ್ಕೆ ಇಟ್ಟ ಹೆಸರನ್ನು ನಮ್ಮ ಭಾಷೆಗೆ ತಂದರೆ ‘ಬಾಳಿಕೆ ಬರುವ ಸಾವಯವ ಮಾಲಿನ್ಯಕಾರಕಗಳು’ ಎಂದಾಗುತ್ತದೆ.

ಕಾಸರಗೋಡಿನವರಿಗೆ ಆ ಪಟ್ಟಿ ಅಪರಿಚಿತವಲ್ಲ. 2011ರಲ್ಲಿ ಅದೇ ಪಟ್ಟಿಗೆ ಸೇರಿದ ಹೆಸರು ಎಂಡೋಸಲ್ಫಾನ್.

ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಜಿಲ್ಲೆಯ ಗುಡ್ಡಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರು ಹಾರಿ ಅದನ್ನು ಎರಚಿತು. ಗೇರಿನ ಹೂವನ್ನೂ ಎಳೆಯ ಚಿಗುರನ್ನೂ ಹೀರುವ ಚಹಾ ಸೊಳ್ಳೆ ಎಂಬ ಕೀಟದಿಂದ ಬೆಳೆಯನ್ನು ಕಾಯುವುದು ಉದ್ದೇಶ. ಊರಿನವರು ಅದಕ್ಕೂ ‘ಮದ್ದು ಬಿಡುವುದು’ ಎಂದೇ ಹೇಳುತ್ತಿದ್ದರು. ಅಡಿಕೆಗೆ ಬಿಟ್ಟಂತೆ ಗೇರಿಗೆ. ಮೊದಮೊದಲು ಹೆಲಿಕಾಪ್ಟರು ಬಂದಾಗ ಶಾಲೆಯ ಮಕ್ಕಳು ಅಂಗಳಕ್ಕೆ ಓಡಿ ಕೈಬೀಸುತ್ತಿದ್ದುದನ್ನು ನಾವು ಕಂಡಿದ್ದೇವೆ. ಎಣ್ಮಕಜೆ ಪಂಚಾಯತಿನಲ್ಲಿ ಸ್ವರ್ಗ ಎಂಬ ಹೆಸರಿನ ಊರೇ ಇದೆ. ಗುಡ್ಡದಿಂದ ಇಳಿಯುವ ತೋಡುಗಳು, ಸುರಂಗದ ನೀರು, ತೆರೆದ ಬಾವಿಗಳು ಅಲ್ಲಿಯ ಜೀವನ. ಮುಂದೆ ಆ ಊರುಗಳಲ್ಲಿ ಹುಟ್ಟಿದ ಎಷ್ಟೋ ಮಕ್ಕಳ ಸ್ಥಿತಿ ಏನಾಯಿತೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದವರಲ್ಲಿ ಆ ಮನೆಗಳವರೂ ಇದ್ದಾರೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ರಾಜ್ಯ ಸರಕಾರಕ್ಕೆ ಆಜ್ಞೆ ಮಾಡಿತು.

ಕಾರಿನ ಲೇಪವನ್ನು ಎಂಡೋಸಲ್ಫಾನಿನ ಪಕ್ಕದಲ್ಲಿ ಇಡುವುದು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ನೆರೆಮನೆಯ ನಿವೃತ್ತ ರಸಾಯನಶಾಸ್ತ್ರದ ಉಪನ್ಯಾಸಕರು ಹಾಗೆಯೇ ಹೇಳಿದರು. “ಒಂದು ಶೀಸೆಯಲ್ಲಿ ಐವತ್ತು ಮಿಲಿ ಲೀಟರ್. ಅದರಲ್ಲಿ ನೀವು ಹೆದರುವ ವಸ್ತು ಇದ್ದರೂ ಒಂದು ಚಮಚದಷ್ಟು. ನಿಮ್ಮ ಮಳೆಯಂಗಿಯಲ್ಲಿ, ಕಾವಲಿಯಲ್ಲಿ ಅದಕ್ಕಿಂತ ಹೆಚ್ಚಿರಬಹುದು” ಎಂಬುದು ಅವರ ವಾದ. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ಒಂದು ನರಗಳನ್ನು ಕೊಲ್ಲಲೆಂದೇ ತಯಾರಾದ ವಿಷ; ಇನ್ನೊಂದು ಹನಿಯನ್ನು ಜಾರಿಸಲು ತಯಾರಾದ ನುಣುಪು. ಅವನ್ನು ಆಯುವವನ ಮನಸ್ಸಿನಲ್ಲಿ ಮಾತ್ರ ನಮಗೆ ಸಾಮ್ಯ ಕಾಣುತ್ತದೆ. ಗೇರನ್ನು ಕಾಯಬೇಕೆಂದವರು ಗೇರಿನ ಮರವನ್ನು ನೋಡಿದರು, ಕೀಟವನ್ನು ನೋಡಿದರು, ಖರ್ಚನ್ನು ನೋಡಿದರು. ತೋಡನ್ನು ನೋಡಲಿಲ್ಲ. ಕಾಯುವವನ ದೃಷ್ಟಿ ಕಾಯಲ್ಪಡುವ ವಸ್ತುವಿನ ಅಂಚಿಗೆ ಬಂದು ನಿಂತುಬಿಡುವುದು, ಮೋಹದ ಲಕ್ಷಣ. ಸ್ವಾರ್ಥ ಎಂದರೂ ಆದೀತು. ಆದರೆ ಮೋಹವೇ ಸರಿಯಾದ ಮಾತು, ಏಕೆಂದರೆ ಅದಕ್ಕೆ ತಾನು ತಪ್ಪು ಮಾಡುತ್ತಿದ್ದೇನೆಂಬ ಅರಿವೇ ಇರುವುದಿಲ್ಲ. ಒಂದು ಚಮಚದ ವಾದವೂ ಹೊಸತಲ್ಲ. ಒಂದೊಂದು ಮರದ ಪಾಲಿಗೆ ಬಂದ ಮದ್ದು ಎಷ್ಟೆಂದು ಲೆಕ್ಕ ಹಾಕಿದ್ದರೆ ಅದೂ ಸಣ್ಣದೇ ಇರುತ್ತಿತ್ತು.

ಶಿಷ್ಯನ ಅಂಗಡಿಗೆ ಮತ್ತೆ ಹೋಗಿ ನಾವು ಕೇಳಿದ್ದು ಒಂದೇ ಪ್ರಶ್ನೆ: ಈ ಶೀಸೆಯಲ್ಲಿ ಏನಿದೆ? ಅವನು ಶೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಬಾಳಿಕೆಯ ವರ್ಷಗಳು ಬರೆದಿದ್ದವು. ಗಟ್ಟಿತನ, ಹೊಳಪು, ನೀರು ಜಾರುವ ಕೋನ ಎಲ್ಲ ಬರೆದಿತ್ತು. ಮಕ್ಕಳ ಕೈಗೆ ಸಿಗದಂತಿಡಿ, ಗಾಳಿಯಾಡುವಲ್ಲಿ ಬಳಸಿ ಎಂದೂ ಇತ್ತು. ಒಳಗಿರುವುದೇನೆಂದು ಇರಲಿಲ್ಲ. ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಉಪ್ಪಿನ ಪ್ರಮಾಣದವರೆಗೆ ಬರೆದಿರುತ್ತದೆ. ಅವನು ಆರೇಳು ವರ್ಷದಿಂದ ದಿನವೂ ಅದರ ಆವಿಯನ್ನು ಸೇವಿಸುತ್ತ ಕೆಲಸ ಮಾಡುತ್ತಿದ್ದಾನೆ. ಅದಕ್ಕಿಂತ ಮೊದಲು ಮಂಗಳೂರಿನಲ್ಲಿ ಕಾರುಗಳಿಗೆ ಬಣ್ಣ ಸಿಂಪಡಿಸುವ ಕೆಲಸದಲ್ಲಿದ್ದ. ಆ ಬಣ್ಣಗಳ ಗಟ್ಟಿಕಾರಕದಲ್ಲಿರುವ ಐಸೊಸಯನೇಟುಗಳು ತಕ್ಕ ಮುಖಗವಸಿಲ್ಲದೆ ಸಿಂಪಡಿಸುವವರಿಗೆ ಉಬ್ಬಸ ತರುತ್ತವೆ ಎಂಬುದು ವೈದ್ಯರಿಗೆ ಚೆನ್ನಾಗಿ ತಿಳಿದ ಸಂಗತಿ. ಅಲ್ಲಿ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದೆವು ಎಂದ. ಬಣ್ಣಕ್ಕೆ ಇಷ್ಟು ಪದರಗಳ ಕವಚ, ಬಳಿಯುವವನ ಶ್ವಾಸಕ್ಕೆ ಕರವಸ್ತ್ರ.

ನಾವು ಕೊನೆಗೆ ಆಯ್ದುಕೊಂಡದ್ದು ಇಷ್ಟು. ಅಡಿಭಾಗಕ್ಕೂ ಬಾಗಿಲುಗಳ ಒಳಮಡಿಕೆಗೂ ತುಕ್ಕುನಿರೋಧಕ ಹೊಡೆಸಿದೆವು. ದನಗಳಿಲ್ಲದೆ ಬರಿದಾಗಿದ್ದ ಕೊಟ್ಟಿಗೆಯ ಒಂದು ಗೋಡೆ ತೆಗೆಸಿ ಕಾರು ಅದರೊಳಗೆ ನಿಲ್ಲುವಂತೆ ಮಾಡಿದೆವು. ಬಿಸಿಲು, ಅಂಟು, ಹಿಕ್ಕೆ ಮೂರಕ್ಕೂ ಮಾಡಿಗಿಂತ ಮಿಗಿಲಾದ ಲೇಪ ಇಲ್ಲ. ಬಣ್ಣಕ್ಕೆ ಮೇಣ. ಎರಡು ತಿಂಗಳಿಗೊಮ್ಮೆ ಅದನ್ನು ಹಚ್ಚುವುದು ನಾವೇ. ಮೊಣಕಾಲಿನ ನೋವಿಗೆ ಅದು ಒಳ್ಳೆಯದೆಂದು ವೈದ್ಯರು ಹೇಳಿಲ್ಲ, ಕೆಟ್ಟದೆಂದೂ ಹೇಳಿಲ್ಲ. ಅಳಿಯಂದಿರಿಗೆ ಎಲ್ಲವನ್ನೂ ಫೋನಿನಲ್ಲಿ ತಿಳಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮಗೆ ಸಮಯ ಉಂಟು ಮಾವ. ದಿನಕ್ಕೆ ಹನ್ನೆರಡು ಗಂಟೆ ದುಡಿಯುವವರು ಮೇಣ ಹಚ್ಚುತ್ತ ಕೂರಲಿಕ್ಕಾಗುತ್ತದಾ?” ಎಂದರು. ಅದಕ್ಕೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ನೋಂದಣಿಯ ಅವಧಿಯೇ ಹದಿನೈದು ವರ್ಷವಿರುವ ವಾಹನದ ಹೊಳಪು ಕಾಯಲು, ನೂರು ವರ್ಷಕ್ಕೂ ಕರಗದ ವಸ್ತು ಬೇಕೇ ಎಂದು ಮಾತ್ರ ಕೇಳಿದೆವು. ವಸ್ತುವಿನ ಬಾಳಿಗೆ ಲೇಪದ ಬಾಳು ತಕ್ಕುದಾಗಿರಬೇಕು, ಮೀರಿದ್ದಾಗಿರಬಾರದು ಎಂಬುದು ನಮ್ಮ ಅಭಿಪ್ರಾಯ. ಅವರು ಒಪ್ಪಿದರೆಂದು ಹೇಳಲಾರೆವು. ಮುಂದಿನ ರಜೆಯಲ್ಲಿ ಬಂದಾಗ ನೋಡುತ್ತೇನೆ ಎಂದಿದ್ದಾರೆ.

ಶಿಷ್ಯನಿಗೆ ಆ ಕೆಲಸ ಬಿಡೆಂದು ನಾವು ಹೇಳಲ್ಲಿಲ್ಲ. ಎರಡು ಮಕ್ಕಳನ್ನು ಅದರಿಂದಲೇ ಓದಿಸುತ್ತಿದ್ದಾನೆ, ಒಬ್ಬಳು ನಮ್ಮ ಹಳೆಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿದ್ದಾಳೆ. ಶೀಸೆಯಲ್ಲಿರುವುದೇನೆಂದು ಸರಬರಾಜುದಾರರಿಗೆ ಬರೆದು ಕೇಳಲು ಒಂದು ಪತ್ರದ ಕರಡು ಮಾಡಿಕೊಟ್ಟೆವು. ಅವನು ಅದನ್ನು ಕಳುಹಿಸಿ ನಾಲ್ಕು ತಿಂಗಳಾಯಿತು. ಉತ್ತರ ಬಂದಿಲ್ಲ, ಮತ್ತೊಂದು ಪತ್ರ ಬರೆಯುವ ವಿಚಾರದಲ್ಲಿದ್ದೇವೆ. ಆವಿಯನ್ನು ತಡೆಯುವ ಇದ್ದಿಲಿನ ಡಬ್ಬಿಯುಳ್ಳ ಮುಖಗವಸು ತರಿಸಿಕೊಂಡಿದ್ದಾನೆ. ಮಳೆಗಾಲದಲ್ಲಿ ಸೆಕೆಯಾಗುತ್ತದೆಂದು ಒಮ್ಮೊಮ್ಮೆ ಕಳಚಿಡುತ್ತಾನೆ. ಕಾರು ತೊಳೆದ ನೀರು ಈಗಲೂ ಅಂಗಡಿಯ ಹಿಂದಿನ ಚರಂಡಿಯಿಂದ ತೋಡಿಗೆ ಇಳಿಯುತ್ತದೆ. ಜಲ್ಲಿ, ಹೊಯಿಗೆ, ಇದ್ದಿಲು ತುಂಬಿದ ಗುಂಡಿಯೊಂದನ್ನು ತೋಡಿಸಿ ಅದರ ಮೂಲಕ ಹಾಯಿಸುವ ಮನಸ್ಸು ಅವನಿಗಿದೆ. ಜಾಗ ಬಾಡಿಗೆಯದು, ಧನಿಗಳು ದುಬಾಯಿಯಲ್ಲಿದ್ದಾರೆ, ಅವರ ಒಪ್ಪಿಗೆ ಬರಬೇಕು.